ಹಳೇ ಕಾರು ಕೊಳ್ಳುವಾಗ ಮೊದಲು ಅಡಿಭಾಗ ನೋಡಿ

ಅಡಿಕೆ ಕೊಯ್ಲು ಮುಗಿದು, ಚಾಲಿಯೋ ಕೆಂಪಡಿಕೆಯೋ ವ್ಯಾಪಾರವಾಗಿ, ಸೊಸೈಟಿಯ ಬಾಕಿ ಕಳೆದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ಹೊಸದಕ್ಕೆ ಆರೇಳು ಲಕ್ಷ ಸುರಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಒಂದೂವರೆ ಎರಡು ಲಕ್ಷದೊಳಗೆ ಹತ್ತು ಹನ್ನೆರಡು ವರ್ಷದ ಆಲ್ಟೊ, ವ್ಯಾಗನ್ ಆರ್ ಸಿಕ್ಕರೆ ಸಾಕು ಎಂದು ಹೊರಡುವವರು ಬಹಳ. ಮೊದಲ ಕಾರಿಗೆ ಅದು ವಿವೇಕದ ದಾರಿಯೇ ಎಂದು ನಾನು ನಂಬಿದ್ದೇನೆ. ಎಡವುವುದು ಗಾಡಿ ನೋಡುವ ರೀತಿಯಲ್ಲಿ. ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುತ್ತೇವೆ, ಮೀಟರಿನಲ್ಲಿ ಎಷ್ಟು ಓಡಿದೆ ಓದುತ್ತೇವೆ, ಬಣ್ಣದ ಮೇಲೆ ಕೈಯಾಡಿಸುತ್ತೇವೆ. ಮಳೆ ಸೀಮೆಯಲ್ಲಿ ಹಳೇ ಕಾರಿನ ಹಣೆಬರಹ ಬರೆದಿರುವುದು ಬೇರೆ ಮೂರು ಕಡೆ: ಗಾಡಿಯ ಅಡಿಭಾಗದಲ್ಲಿ, ಆರ್‌ಸಿ ಕಾಗದದಲ್ಲಿ, ಅದನ್ನು ಬಿಚ್ಚಿ ಕಟ್ಟಬಲ್ಲ ಗ್ಯಾರೇಜು ಎಷ್ಟು ಹತ್ತಿರವಿದೆ ಎಂಬುದರಲ್ಲಿ. ಎಂಜಿನ್ ಕೆಟ್ಟರೆ ಶಿರಸಿಯಲ್ಲೋ ಯಲ್ಲಾಪುರದಲ್ಲೋ ಸರಿಯಾಗುತ್ತದೆ. ತುಕ್ಕು ತಿಂದ ಅಡಿಭಾಗವನ್ನೂ ಬೇರೆಯವರ ಹೆಸರಲ್ಲೇ ಉಳಿದ ಆರ್‌ಸಿಯನ್ನೂ ಯಾವ ಮೆಕ್ಯಾನಿಕ್ಕೂ ಸರಿ ಮಾಡಲಾರ.

ಈ ಸೀಮೆಯಲ್ಲಿ ಕಾರು ಶೋಕಿಯ ವಸ್ತುವಾಗಿ ಉಳಿದಿಲ್ಲ. ಯಲ್ಲಾಪುರ ತಾಲೂಕಿನ ಉಮ್ಮಚಗಿಯಂಥ ಊರುಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ತೋಟದ ಅಂಚಿಗೆ, ಬೆಟ್ಟದ ಬುಡಕ್ಕೆ, ಡಾಂಬರು ರಸ್ತೆಯಿಂದ ಒಳಗೆ ಚದುರಿರುತ್ತವೆ. ಬಸ್ಸು ಮುಖ್ಯ ರಸ್ತೆಗೆ ಬರುತ್ತದೆ, ಅಲ್ಲಿಂದ ಮನೆಗೆ ಕಾಲುದಾರಿ. ರಾತ್ರಿ ಹೊತ್ತು ಅಪ್ಪನಿಗೆ ಎದೆನೋವು ಬಂದರೆ ತಾಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿ. ಯಲ್ಲಾಪುರದಿಂದಲೇ ಅದು ಸುಮಾರು 70 ಕಿಲೋಮೀಟರ್, ಶಿರಸಿಯಿಂದ 100ರ ಆಸುಪಾಸು. ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಉತ್ತರ ಕನ್ನಡದ ಜನ ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದರು. ಅಂಥ ಜಿಲ್ಲೆಯಲ್ಲಿ ಮನೆಯಂಗಳದಲ್ಲಿ ಸ್ಟಾರ್ಟ್ ಆಗುವ ಗಾಡಿಯೊಂದು ನಿಂತಿರಬೇಕು ಎನಿಸುವುದು ಸಹಜ. ಹಾಗಾಗಿ ಇಲ್ಲಿನವರು ಕೇಳಬೇಕಾದ ಮೊದಲ ಪ್ರಶ್ನೆ ಗಾಡಿ ಎಷ್ಟು ಚೆಂದ ಇದೆ ಎಂಬುದಲ್ಲ. ಆಷಾಢದ ನಡುರಾತ್ರಿ ಅದು ಏರು ಹತ್ತಿ ಡಾಂಬರು ರಸ್ತೆ ಮುಟ್ಟುತ್ತದೆಯೇ ಎಂಬುದು.

ವಯಸ್ಸಿನ ಬಗ್ಗೆ ಇರುವ ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. 15 ವರ್ಷವಾದ ಕಾರು ಗುಜರಿಗೇ ಹೋಗಬೇಕು ಎಂಬ ಮಾತು ಎಲ್ಲೆಡೆ ಹಬ್ಬಿದೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲ ಪ್ರದೇಶದ್ದು. ಹಸಿರು ನ್ಯಾಯಮಂಡಳಿಯ ಆದೇಶದಿಂದ ಹೊರಟು 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಗಟ್ಟಿಯಾದದ್ದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ ಗುಜರಿ ನೀತಿಯೂ ಖಾಸಗಿ ಗಾಡಿಯನ್ನು ವಯಸ್ಸು ನೋಡಿಯೇ ಒಡೆಯಿರಿ ಎನ್ನುವುದಿಲ್ಲ, ಓಡಲು ಯೋಗ್ಯವೇ ಎಂಬ ಪರೀಕ್ಷೆಯನ್ನು ಮುಂದಿಡುತ್ತದೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಖರ್ಚು ಮಾತ್ರ ಏರಿದೆ. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 10,000 ಆಗಿದೆ. ಜತೆಗೆ ಹಸಿರು ತೆರಿಗೆ. ಅವಧಿ ಮುಗಿದ ಮೇಲೆ ತಡಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ ಬೇರೆ. ಆದ್ದರಿಂದ 14 ವರ್ಷದ ಗಾಡಿಯನ್ನು ಅಗ್ಗಕ್ಕೆ ಕೊಡುತ್ತೇನೆ ಎಂದವರು ಈ ಖರ್ಚನ್ನೂ ನಿಮ್ಮ ತಲೆಗೆ ದಾಟಿಸುತ್ತಿದ್ದಾರೆ ಎಂದು ತಿಳಿದು ಚೌಕಾಸಿ ಮಾಡಿ. ನನ್ನ ಲೆಕ್ಕದಲ್ಲಿ ಎಂಟರಿಂದ ಹನ್ನೆರಡು ವರ್ಷದೊಳಗಿನ ಗಾಡಿ ಮೊದಲ ಕಾರಿಗೆ ಒಳ್ಳೆಯದು. ಬೆಲೆ ಬೀಳುವಷ್ಟು ಬಿದ್ದಿರುತ್ತದೆ, ನೋಂದಣಿಯ ವರ್ಷಗಳು ಇನ್ನೂ ಉಳಿದಿರುತ್ತವೆ.

ಇನ್ನು ಅಡಿಭಾಗದ ವಿಷಯ. ಹಳೇ ಜೀಪಿಗೂ ಬೊಲೆರೊಗೂ ಕೆಳಗೆ ಉಕ್ಕಿನ ಚಾಸಿಸ್ ಬೇರೆಯೇ ಇರುತ್ತದೆ, ಬಾಡಿಯನ್ನು ಅದರ ಮೇಲೆ ಕೂರಿಸಿರುತ್ತಾರೆ. ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊದಂಥ ಸಣ್ಣ ಕಾರುಗಳಲ್ಲಿ ಹಾಗಿಲ್ಲ. ತಗಡಿನ ಬಾಡಿಯೇ ಚಾಸಿಸ್. ಎಂಜಿನ್, ಚಕ್ರ, ಸ್ಟಿಯರಿಂಗ್ ಎಲ್ಲವೂ ಆ ತಗಡಿಗೇ ಕಚ್ಚಿಕೊಂಡಿರುತ್ತವೆ. ಬಾಗಿಲಿನ ಹೊರಮೈಯಲ್ಲಿ ತುಕ್ಕು ಬಂದರೆ ನೋಡಲು ಅಸಹ್ಯ, ಅಷ್ಟೇ. ಮುಂಚಕ್ರದ ಮೇಲ್ಗಡೆ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ, ಬಾಗಿಲಿನ ಕೆಳಗೆ ಉದ್ದಕ್ಕೆ ಓಡುವ ಪಟ್ಟಿಯಲ್ಲಿ, ಹಿಂದಿನ ಸಸ್ಪೆನ್ಷನ್ ಬೋಲ್ಟು ಕಚ್ಚುವಲ್ಲಿ ತುಕ್ಕು ಹಿಡಿದರೆ ಗಾಡಿಯ ಎಲುಬೇ ಟೊಳ್ಳಾದ ಲೆಕ್ಕ. ವೆಲ್ಡಿಂಗ್ ಹೊಡೆಸಬಹುದು, ಆದರೆ ಸುತ್ತಲಿನ ತಗಡು ತೆಳ್ಳಗಾಗಿರುವುದರಿಂದ ವರ್ಷದೊಳಗೆ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ.

ನಮ್ಮಲ್ಲಿ ಇದು ಬೇಗ ಆಗಲು ಕಾರಣವಿದೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಅದರೊಂದಿಗೆ ಕೆಮ್ಮಣ್ಣು. ಕಚ್ಚಾ ರಸ್ತೆಯ ಕೆಸರು ಮಡ್‌ಗಾರ್ಡ್ ಒಳಗೆ, ಪಟ್ಟಿಗಳ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಹೊರಗೆ ಎರಡು ದಿನ ಬಿಸಿಲು ಬಿದ್ದರೂ ಆ ಮಣ್ಣಿನೊಳಗೆ ಪಸೆ ವಾರಗಟ್ಟಲೆ ಆರುವುದಿಲ್ಲ. ಜಲ್ಲಿ ಸಿಡಿದು ಬಣ್ಣ ಕಿತ್ತ ಕಡೆಯಲ್ಲೆಲ್ಲ ತಗಡು ಆ ಪಸೆಗೆ ಬೆತ್ತಲೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಕೆಸರು ಕೂತು ಅವು ಮುಚ್ಚಿದರೆ ಗಾಜಿನ ಸಂದಿಯಿಂದ ಇಳಿದ ನೀರು ಬಾಗಿಲಿನ ಹೊಟ್ಟೆಯಲ್ಲೇ ನಿಂತು ಒಳಗಿನಿಂದ ತಿನ್ನತೊಡಗುತ್ತದೆ. ವೈಪರಿನ ಬುಡದಲ್ಲಿರುವ ಜಾಲರಿಯ ಕತೆಯೂ ಅದೇ. ಮರದಡಿ ನಿಲ್ಲಿಸುವ ಗಾಡಿಯಲ್ಲಿ ಎಲೆ ಕಸ ಅಲ್ಲಿ ಕೊಳೆತು ನೀರಿನ ದಾರಿ ಕಟ್ಟುತ್ತದೆ. ಆಗ ನೀರು ಹುಡುಕಿಕೊಳ್ಳುವ ದಾರಿ ಡ್ಯಾಶ್‌ಬೋರ್ಡಿನ ಒಳಗೆ, ಕಾಲಡಿಯ ಕಾರ್ಪೆಟ್ಟಿನ ಕೆಳಗೆ.

ಆದ್ದರಿಂದ ಗಾಡಿ ನೋಡಲು ಹೋಗುವಾಗ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ಒಯ್ಯಿರಿ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ, ಅದರ ಕೆಳಗಿನ ಕಾರ್ಪೆಟ್ಟನ್ನೂ ಎತ್ತಿ ಕೈಯಿಟ್ಟು ನೋಡಿ. ಪಸೆ, ಮುಗ್ಗಲು ವಾಸನೆ, ಕಂದು ಪುಡಿ ಇದ್ದರೆ ನೀರು ಇಳಿಯುತ್ತಿದೆ ಎಂದರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿಯ ತಳ ನೋಡಿ. ನೀರು ಹೆಚ್ಚಾಗಿ ನಿಲ್ಲುವುದು ಅಲ್ಲೇ, ಮಾರುವವರು ಒರೆಸಲು ಮರೆಯುವುದೂ ಅಲ್ಲೇ. ಆಮೇಲೆ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ಕೆಳಗಿನಿಂದ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಪಟ್ಟಿಗಳ ಮೇಲೆ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ತಗಡು ಠಣ್ ಎನ್ನುತ್ತದೆ. ಸದ್ದು ಮಂಕಾದ ಕಡೆ, ಪದರ ಉದುರಿದ ಕಡೆ ಟಾರ್ಚು ಹಿಡಿಯಿರಿ. ಅಯಸ್ಕಾಂತ ಹಿಡಿಯದ ಕಡೆ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಅಡಿಭಾಗಕ್ಕೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದ ಗಾಡಿಯ ಬಗ್ಗೆ ಎಚ್ಚರ ಇರಲಿ. ಹೊಸ ಗಾಡಿಗೆ ಬಳಿದರೆ ಅದು ರಕ್ಷಣೆ. ಮಾರುವ ಹಿಂದಿನ ವಾರ ಬಳಿದಿದ್ದರೆ ತುಕ್ಕಿಗೆ ಹಾಕಿದ ಮುಸುಕು, ಒಳಗಿನ ಪಸೆಗೆ ಆರುವ ದಾರಿಯನ್ನೂ ಅದು ಮುಚ್ಚುತ್ತದೆ.

ಗಾಡಿ ಎಲ್ಲಿ ಬಾಳಿ ಬಂದಿದೆ ಎಂಬುದು ಈ ಕಾರಣಕ್ಕೆ ಎಷ್ಟು ವರ್ಷ ಬಾಳಿದೆ ಎಂಬುದಕ್ಕಿಂತ ಮುಖ್ಯ. ನಂಬರ್ ಪ್ಲೇಟೇ ಅರ್ಧ ಕತೆ ಹೇಳುತ್ತದೆ. ಕೆಎ 25, ಕೆಎ 63, ಕೆಎ 27 ಎಂದಿದ್ದರೆ ಧಾರವಾಡ, ಹುಬ್ಬಳ್ಳಿ, ಹಾವೇರಿಯ ಬಯಲುಸೀಮೆಯ ಗಾಡಿ. ಧೂಳು ತಿಂದಿರುತ್ತದೆ, ತುಕ್ಕು ಕಡಿಮೆ. ಕೆಎ 30 ಕಾರವಾರ, ಕೆಎ 47 ಹೊನ್ನಾವರ. ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ಗಾಡಿಗಳಿಗೆ ತುಕ್ಕು ನಮ್ಮಲ್ಲಿಗಿಂತ ಬೇಗ. ಕೆಎ 31 ನಮ್ಮದೇ ಶಿರಸಿ ಕಚೇರಿಯದು. ಅದರಲ್ಲಿ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತದ್ದೂ ಇರುತ್ತದೆ, ಹಾಲಿನ ಕ್ಯಾನು ಹೇರಿ ದಿನಾ ಕೆಸರಲ್ಲಿ ಓಡಿದ್ದೂ ಇರುತ್ತದೆ. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಕ್ಕಳು ಹೊಸದು ಕೊಂಡು ಹಳೆಯದನ್ನು ಊರಿಗೆ ಕಳಿಸುವ ಪದ್ಧತಿ ಈಗ ಬೆಳೆದಿದೆ. ಅಂಥ ಗಾಡಿಯ ಬಾಡಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಟ್ರಾಫಿಕ್ಕಿನಲ್ಲಿ ಕ್ಲಚ್ ಸವೆದಿರುತ್ತದೆ. ಕ್ಲಚ್ ಪ್ಲೇಟು ಬದಲಿಸಬಹುದಾದ ವಸ್ತು, ಹಾಗಾಗಿ ನಾನು ಅಂಥದನ್ನು ಮೊದಲು ನೋಡಲು ಹೇಳುತ್ತೇನೆ. ಆದರೆ ಪ್ರವಾಹದಲ್ಲಿ ಮುಳುಗಿದ ಗಾಡಿ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲೇ ಎಷ್ಟೋ ಕಾರುಗಳು ಮುಳುಗಿದವು. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದು ನೋಡಿ. ಎಷ್ಟು ತೊಳೆದರೂ ಸುರುಳಿಯ ಒಳಗೆ ಕೆಸರಿನ ಗೆರೆ ಉಳಿದಿರುತ್ತದೆ.

ಇಲ್ಲಿನ ರಸ್ತೆಗಳು ಕೇಳುವ ಎರಡನೇ ಪರೀಕ್ಷೆ ಘಟ್ಟದ್ದು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯಲು ಅರಬೈಲ್, ಶಿರಸಿಯಿಂದ ಕುಮಟೆಗೆ ಇಳಿಯಲು ದೇವಿಮನೆ. ಗಾಡಿಯನ್ನು ಪೇಟೆಯ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಒಪ್ಪಿಕೊಳ್ಳಬೇಡಿ. ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಘಟ್ಟ ಇಳಿದು ಹತ್ತಿ ಬನ್ನಿ. ಹತ್ತುವಾಗ ಉಷ್ಣತೆಯ ಮುಳ್ಳು ನಡುವೆಯೇ ನಿಲ್ಲಬೇಕು. ಎಂಜಿನ್ ಮೊರೆಯುತ್ತಿದ್ದರೂ ಗಾಡಿ ಮುಂದೆ ಹೋಗದೆ, ಸುಟ್ಟ ವಾಸನೆ ಬಂದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಬ್ರೇಕ್ ಪೆಡಲ್ ಬರಬರುತ್ತ ಮೆತ್ತಗಾಗಿ ಕೆಳಗೆ ಹೋಗತೊಡಗಿದರೆ ಅದು ಗಂಭೀರ ಸೂಚನೆ. ಬ್ರೇಕ್ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ವರ್ಷಾನುಗಟ್ಟಲೆ ಬದಲಿಸದ ಎಣ್ಣೆಯಲ್ಲಿ ನೀರಿನ ಅಂಶ ಸೇರಿ ಅದು ಬೇಗ ಕುದಿಯುವಂತಾಗುತ್ತದೆ. ಘಟ್ಟದಲ್ಲಿ ಬ್ರೇಕ್ ಒತ್ತುತ್ತಲೇ ಇಳಿದಾಗ ಶಾಖಕ್ಕೆ ಎಣ್ಣೆ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ನೀವು ಪೆಡಲ್ ಒತ್ತಿದ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಕಳೆದುಹೋಗಿ ಚಕ್ರ ಮುಟ್ಟುವುದಿಲ್ಲ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಲೇಬೇಕು, ಸಣ್ಣ ಖರ್ಚಿನ ಕೆಲಸ. ಅಡಿಭಾಗದಲ್ಲಿ ಓಡುವ ಬ್ರೇಕಿನ ಉಕ್ಕಿನ ಪೈಪುಗಳಿಗೂ ತುಕ್ಕು ಹಿಡಿಯುತ್ತದೆ. ಗಾಡಿ ಎತ್ತಿಸಿದಾಗ ಅದನ್ನೂ ನೋಡಲು ಮೆಕ್ಯಾನಿಕ್ಕಿಗೆ ಹೇಳಿ. ಮೊದಲ ಸಲ ಕಾರು ಹಿಡಿಯುವವರಿಗೆ ಇನ್ನೊಂದು ಮಾತು: ಹತ್ತಿದ ಗೇರಿನಲ್ಲೇ ಘಟ್ಟ ಇಳಿಯಿರಿ, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋಗಬೇಡಿ.

ಎಂಜಿನ್ ಪರೀಕ್ಷೆ ಹೆಚ್ಚಿನವರಿಗೆ ಗೊತ್ತಿರುವುದೇ. ನಾನು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ಮೊದಲೇ ತಿಳಿಸಿ, ಬೆಳಿಗ್ಗೆ ಹೋಗಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಂಜಿನ್ನೊಳಗೆ ಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿದಾಗ ಅದರ ಒಳಗೆ ಕಾಫಿ ಬಣ್ಣದ ನೊರೆ ಕಂಡರೂ ಅದೇ ಶಂಕೆ. ಮೀಟರಿನ ಕಿಲೋಮೀಟರ್ ತಿರುಗಿಸುವುದು ಸುಲಭದ ಕೆಲಸವಾಗಿರುವುದರಿಂದ ಅದಕ್ಕಿಂತ ಕ್ಲಚ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಸವೆತ, ಡ್ರೈವರ್ ಸೀಟಿನ ಅಂಚು ನಂಬಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಆಗುತ್ತಿದ್ದ ಗಾಡಿಯಾದರೆ ಮಾಲೀಕರ ಮೂಲಕ ಹಳೇ ಬಿಲ್ಲುಗಳ ದಾಖಲೆ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹೂವು ಎಷ್ಟೇ ಉಳಿದಿರಲಿ, ಆರೇಳು ವರ್ಷ ದಾಟಿದ ಟೈರಿನ ರಬ್ಬರು ಬಿರುಸಾಗಿ ಮಳೆಯಲ್ಲಿ ರಸ್ತೆ ಹಿಡಿಯುವುದಿಲ್ಲ.

ಯಾವ ಕಾರು ಎಂಬ ಪ್ರಶ್ನೆಗೆ ನನ್ನ ಉತ್ತರ ನೀರಸ ಎನಿಸಬಹುದು. ನಿಮ್ಮ ಪೇಟೆಯ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ ಕಾರು, ಅದರ ಸಾಮಾನು ಶಿರಸಿಯ ಅಂಗಡಿಯಲ್ಲಿ ಸಿಗುವ ಕಾರು. 2000ದಲ್ಲಿ ಬಂದ ಆಲ್ಟೊ, 1999ರ ಕೊನೆಗೆ ಬಂದ ವ್ಯಾಗನ್ ಆರ್ ಇಂದಿಗೂ ಮಾರುಕಟ್ಟೆ ಬಿಟ್ಟಿಲ್ಲ ಎನ್ನುವುದೇ ಅವುಗಳ ದೊಡ್ಡ ಗುಣ. ಶೆವ್ರೊಲೆ ಕಂಪನಿ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಉತ್ಪಾದನೆ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಅವರ ಕಾರುಗಳು ಕೆಟ್ಟವಲ್ಲ, ಎಷ್ಟೋ ಸಲ ಅದೇ ಬೆಲೆಗೆ ಮಾರುತಿಗಿಂತ ಗಟ್ಟಿಮುಟ್ಟಾದ, ಸೌಕರ್ಯ ಹೆಚ್ಚಿರುವ ಗಾಡಿ ಸಿಗುತ್ತದೆ. ಆದರೆ ಒಂದು ಸೆನ್ಸರ್ ಹೋದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಗಾಡಿ ಶೆಡ್ಡಿನಲ್ಲಿ. ಮನೆಗೆ ಎರಡನೇ ಗಾಡಿಯಾದರೆ ಪರವಾಗಿಲ್ಲ, ಇರುವ ಒಂದೇ ಗಾಡಿಯಾದರೆ ಕಷ್ಟ. ಡೀಸೆಲ್ ಬಗ್ಗೆಯೂ ನಮ್ಮಲ್ಲಿ ಒಲವು ಜಾಸ್ತಿ. ಸ್ವಿಫ್ಟ್, ರಿಟ್ಜ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಒಳ್ಳೆಯದೇ. ಆದರೆ ಹಳೆಯದಾದಾಗ ಅದರ ಇಂಜೆಕ್ಟರ್, ಟರ್ಬೊ ಕೈಕೊಟ್ಟರೆ ಒಂದೇ ಬಿಲ್ಲು ಗಾಡಿಯ ಬೆಲೆಯ ದೊಡ್ಡ ಪಾಲು ನುಂಗುತ್ತದೆ. ವಾರಕ್ಕೆ ಎರಡು ಸಲ ಪೇಟೆಗೆ ಹೋಗಿಬರುವ ಮನೆಗೆ ಡೀಸೆಲ್ಲಿನ ಉಳಿತಾಯ ಆ ಖರ್ಚನ್ನು ಎಂದೂ ತುಂಬುವುದಿಲ್ಲ. ಪೆಟ್ರೋಲಿನದೇ ಇರಲಿ. ಇಥೆನಾಲ್ ಶೇ 20 ಬೆರೆತ ಪೆಟ್ರೋಲಿಗೆ ಒಗ್ಗುವಂತೆ ಮಾಡಿದ ಕಾರುಗಳು ಬಂದದ್ದು 2023ರ ಏಪ್ರಿಲ್‌ನಿಂದೀಚೆ. ಅದಕ್ಕಿಂತ ಹಳೆಯದರಲ್ಲಿ ಮೈಲೇಜು ಸ್ವಲ್ಪ ಇಳಿಯುತ್ತದೆ, ಪೆಟ್ರೋಲ್ ಪೈಪು ಮತ್ತು ವಾಷರುಗಳ ರಬ್ಬರನ್ನು ಸರ್ವಿಸ್ ವೇಳೆ ನೋಡಿಸುತ್ತಿರಬೇಕು.

ಓಮ್ನಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮ ಸೀಮೆಗೆ ಅದು ಅಚ್ಚುಮೆಚ್ಚಿನ ಗಾಡಿ. ಅಡಿಕೆ ಚೀಲ, ಗೊಬ್ಬರ, ಮದುವೆಮನೆಯ ಪಾತ್ರೆ, ಹತ್ತು ಜನ ಎಲ್ಲವನ್ನೂ ಹೇರಿಕೊಂಡು ಹೋಗಿದೆ. ಆದರೆ ಅದರಲ್ಲಿ ಚಾಲಕನ ಮೊಣಕಾಲಿಗೂ ಎದುರಿನಿಂದ ಬರುವ ಲಾರಿಗೂ ನಡುವೆ ಒಂದು ತೆಳು ತಗಡು ಬಿಟ್ಟರೆ ಏನೂ ಇಲ್ಲ. 2019ರಲ್ಲಿ ಅದರ ತಯಾರಿಕೆ ನಿಂತದ್ದಕ್ಕೆ ಹೊಸ ಸುರಕ್ಷಾ ನಿಯಮಗಳೂ ಕಾರಣ. ಮನೆ ಮಂದಿಯನ್ನು ಹೆದ್ದಾರಿಯಲ್ಲಿ ಹುಬ್ಬಳ್ಳಿಗೆ ಕರೆದೊಯ್ಯುವ ಮೊದಲ ಕಾರಾಗಿ ಅದನ್ನು ಯಾರಿಗೂ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಸುರಕ್ಷೆಯ ವಿಷಯದಲ್ಲಿ ವರ್ಷಕ್ಕೆ ನಿಜವಾದ ಬೆಲೆ ಇದೆ. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಎಬಿಎಸ್ ಎಲ್ಲ ಕಾರುಗಳಿಗೂ ಬಂದದ್ದು ಅದೇ ವರ್ಷದ ಏಪ್ರಿಲ್‌ನಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲದರಲ್ಲೂ ಕಡ್ಡಾಯವಾಗುವಾಗ 2022 ಬಂತು. ಅದಕ್ಕೆ ಹಿಂದಿನ ಗಾಡಿಗಳಲ್ಲಿ ಇವು ಇರುವುದು ಹೆಚ್ಚಾಗಿ ದುಬಾರಿ ಮಾದರಿಗಳಲ್ಲಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ. ಅದೇ ಹಣದಲ್ಲಿ ಎರಡು ವರ್ಷ ಹಳೆಯದಾದರೂ ಏರ್‌ಬ್ಯಾಗು, ಎಬಿಎಸ್ ಇರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತದೇ ಇದ್ದರೆ ಅಥವಾ ಆರದೇ ಇದ್ದರೆ ಹಿಂದೆ ಅಪಘಾತದಲ್ಲಿ ಸಿಡಿದದ್ದನ್ನು ಬದಲಿಸದೆ ಬಿಟ್ಟಿರಬಹುದು.

ಈಗ ಕಾಗದ. ಹಳ್ಳಿಗಳಲ್ಲಿ ಹಳೇ ಗಾಡಿಯ ವ್ಯಾಪಾರ ನಂಬಿಕೆಯ ಮೇಲೆ ನಡೆಯುತ್ತದೆ. 'ಹೆಸ್ರು ಆಮೇಲೆ ಮಾಡ್ಸಿರೆ ಆತು' ಎನ್ನುತ್ತಾರೆ, ಸಹಿ ಹಾಕಿದ ಖಾಲಿ ಫಾರಂ ಕೈಗೆ ಕೊಡುತ್ತಾರೆ. ಗಾಡಿ ಮೂರು ಕೈ ದಾಟಿರುತ್ತದೆ, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕಿರುವುದೇ ಫಾರಂ 29 ಮತ್ತು 30. ಒಂದು ಕಾರು ಹೀಗೇ ಕೈಯಿಂದ ಕೈಗೆ ಹೋಗಿ ಅಪಘಾತವಾದ ಪ್ರಕರಣದಲ್ಲಿ, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಹೊಣೆಯನ್ನು ಹೊರಿಸಿದ್ದು ಕೊನೆಯ ಕೊಳ್ಳುಗನ ಮೇಲಲ್ಲ, ವರ್ಷಗಳ ಹಿಂದೆಯೇ ಮಾರಿದ್ದ, ಆರ್‌ಸಿಯಲ್ಲಿ ಹೆಸರಿದ್ದ ಮೊದಲ ಮಾಲೀಕನ ಮೇಲೆ. ನಾಳೆ ನೀವೂ ಈ ಗಾಡಿ ಮಾರುತ್ತೀರಿ ಎಂಬ ಕಾರಣಕ್ಕೆ ಈ ತೀರ್ಪು ನಿಮಗೂ ಸಂಬಂಧಿಸಿದ್ದು. ಕೊಳ್ಳುವವರ ಕಡೆಯಿಂದ ನೋಡಿದರೂ ನಷ್ಟವೇ. ಹೆಸರು ಬದಲಾಗದ ಗಾಡಿಗೆ ಮರ ಬಿದ್ದರೆ ವಿಮಾ ಕಂಪನಿ ನಿಮ್ಮ ಅರ್ಜಿಯನ್ನು ಪಕ್ಕಕ್ಕಿಡಬಹುದು. ಮಾಲೀಕರು ತೀರಿಕೊಂಡರಂತೂ ವಾರಸುದಾರರ ಮೂಲಕ ಬೇರೆ ಅರ್ಜಿ, ಫಾರಂ 31. ಮಕ್ಕಳು ಒಬ್ಬರು ಪುಣೆಯಲ್ಲಿ, ಒಬ್ಬರು ಅಮೆರಿಕದಲ್ಲಿ ಇದ್ದರೆ ಸಹಿ ಕೂಡಿಸುವುದರಲ್ಲೇ ವರ್ಷ ಹೋಗುತ್ತದೆ. ಅಂಥ ಗಾಡಿ ಎಷ್ಟೇ ಚೆನ್ನಾಗಿರಲಿ, ಕಾಗದ ಅವರೇ ಸರಿಮಾಡಿದ ಮೇಲೆ ಮಾತಾಡಿ.

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿಯ ದಿನ, ವಿಮೆಯ ಅವಧಿ, ಬ್ಯಾಂಕಿನ ಸಾಲ ಇದೆಯೇ ಎಂಬುದು ಗೊತ್ತಾಗುತ್ತದೆ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಇಲ್ಲದೆ ಹೆಸರು ಬದಲಾಗುವುದಿಲ್ಲ. ಸಾಲ ಎಂದೋ ತೀರಿದ್ದರೂ ನಮೂದು ತೆಗೆಸದೇ ಬಿಟ್ಟವರು ಬಹಳ. ಬೆಂಗಳೂರಿನ ಗಾಡಿಯಾದರೆ ಟ್ರಾಫಿಕ್ ದಂಡ ಬಾಕಿ ಇದೆಯೇ ನೋಡಿಕೊಳ್ಳಿ. ಎಂಜಿನ್ ನಂಬರು, ಚಾಸಿಸ್ ನಂಬರನ್ನು ಗಾಡಿಯ ಮೇಲೆ ಕಣ್ಣಾರೆ ಓದಿ ಆರ್‌ಸಿ ಜತೆ ತಾಳೆ ನೋಡಿ. ಗೋವೆ ನಮಗೆ ಹತ್ತಿರ, ದೆಹಲಿಯ ಗಾಡಿಗಳೂ ಈಗ ದಲ್ಲಾಳಿಗಳ ಕೈಯಲ್ಲಿ ಬರುತ್ತವೆ, ಬೆಲೆ ಕೇಳಿದರೆ ಆಸೆ ಹುಟ್ಟುವಷ್ಟು ಕಡಿಮೆ. ಹೊರರಾಜ್ಯದ ಗಾಡಿಗೆ ಅಲ್ಲಿನ ಎನ್‌ಒಸಿ ತಂದು, ಇಲ್ಲಿನ ತೆರಿಗೆ ತುಂಬಿ, ಕೆಎ ನಂಬರು ಮಾಡಿಸಿಕೊಳ್ಳುವ ಖರ್ಚು ಮತ್ತು ಅಲೆದಾಟ ಸೇರಿಸಿದರೆ ಮೊದಲ ಕಾರಿಗೆ ಆ ದಾರಿ ಬೇಡ.

ದುಡ್ಡಿನ ಲೆಕ್ಕ ಹೀಗಿಟ್ಟುಕೊಳ್ಳಿ. ಕೈಯಲ್ಲಿ ಎರಡು ಲಕ್ಷ ಇದ್ದರೆ ಒಂದೂವರೆ ಲಕ್ಷದ ಗಾಡಿ ನೋಡಿ, ಉಳಿದದ್ದನ್ನು ಮೊದಲ ವರ್ಷಕ್ಕೆ ತೆಗೆದಿಡಿ. ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಎಣ್ಣೆ, ಕೂಲೆಂಟ್, ಹೆಸರು ಬದಲಾವಣೆ, ವಿಮೆ ಎನ್ನುವಷ್ಟರಲ್ಲಿ ಅದು ಕರಗುತ್ತದೆ. ಹಳೇ ಆಲ್ಟೊ 800, ಸ್ಯಾಂಟ್ರೊಗಳ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ. ಬದಲಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ಕೂಡಲೇ ಬದಲಿಸಿಬಿಡಿ, ಘಟ್ಟದ ನಡುವೆ ಅದು ಕಡಿದರೆ ಗಾಡಿ ನಿಂತಲ್ಲೇ. ವಿಮೆಯಲ್ಲಿ ಮೂರನೆಯವರಿಗೆ ಪರಿಹಾರ ಕೊಡುವ ಭಾಗ ಕಡ್ಡಾಯ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ತೆರಿಗೆ ಬೇರೆ. ಅಷ್ಟನ್ನೇ ಮಾಡಿಸಿದರೆ ನಿಮ್ಮ ಗಾಡಿಯ ಮೇಲೆ ಮರ ಬಿದ್ದಾಗ, ಧರೆ ಕುಸಿದಾಗ ಏನೂ ಸಿಗುವುದಿಲ್ಲ. 2021ರ ಜುಲೈನಲ್ಲಿ ಕಳಚೆಯಲ್ಲಿ ಗುಡ್ಡ ಜಾರಿದ್ದನ್ನು, ಅರಬೈಲ್ ಘಟ್ಟ ಕುಸಿದು ಹೆದ್ದಾರಿ ನಿಂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ವರ್ಷ ದಾಟಿದ ಗಾಡಿಗೆ ಪೂರ್ಣ ವಿಮೆ ಮಾಡಿಸಿದರೂ ಲೋಹದ ಬಿಡಿಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿ ಎಂದು ಕಳೆಯುತ್ತಾರೆ. ಆದರೂ ಮಳೆ ಸೀಮೆಯಲ್ಲಿ ಮೊದಲ ಎರಡು ಮೂರು ವರ್ಷ ಪೂರ್ಣ ವಿಮೆಯೇ ಇರಲಿ ಎಂಬುದು ನನ್ನ ಸಲಹೆ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ವ್ಯಕ್ತಿಗೆ ಸೇರಿದ್ದು, ಗಾಡಿಗಲ್ಲ. ಆ ರಿಯಾಯಿತಿ ತೋರಿಸಿ ಕಂತು ಕಡಿಮೆ ಎನ್ನುವ ಏಜೆಂಟರ ಮಾತು ಕೇಳಿದರೆ ಕ್ಲೇಮಿನ ದಿನ ತೊಂದರೆಯಾಗುತ್ತದೆ.

ಕೊಳ್ಳುವ ಕಾಲದ ಬಗ್ಗೆ ಒಂದು ಮಾತು ಉಳಿದಿದೆ. ಅಡಿಕೆ ದುಡ್ಡು ಬರುವ ಬೇಸಿಗೆಯಲ್ಲೇ ಎಲ್ಲರೂ ಕೊಳ್ಳುತ್ತಾರೆ. ಆಗ ಕೇಳುವವರು ಹೆಚ್ಚು, ಬೆಲೆ ಬಿಗಿ, ಗಾಡಿಯೆಲ್ಲ ಒಣಗಿ ಗರಿಗರಿಯಾಗಿ ದೋಷ ಮುಚ್ಚಿಕೊಂಡಿರುತ್ತದೆ. ದುಡ್ಡನ್ನು ಸೊಸೈಟಿಯಲ್ಲೇ ಇಟ್ಟು ಜುಲೈವರೆಗೆ ಕಾದರೆ ಚಾವಣಿ ಸೋರುವುದು, ವೈಪರಿನ ಬಲ, ಒದ್ದೆ ಬೆಳಗಿನಲ್ಲಿ ಸ್ಟಾರ್ಟ್ ಆಗುವ ಬಗೆ, ಗಾಜಿನ ಮೇಲೆ ಕಟ್ಟಿದ ಮಂಜನ್ನು ಏಸಿ ತೆಗೆಯುತ್ತದೆಯೇ ಎಂಬುದು ಎಲ್ಲವೂ ತಾನಾಗಿ ಬಯಲಾಗುತ್ತದೆ. ಮಳೆಗಾಲದಲ್ಲಿ ಕೇಳುವವರು ಕಡಿಮೆಯಾದ್ದರಿಂದ ಬೆಲೆ ಮಾತಾಡಲೂ ಅನುಕೂಲ. ಒಪ್ಪಿಗೆಯಾಗುವ ಮೊದಲು ಗಾಡಿಯನ್ನು ನಿಮ್ಮ ಮನೆಯ ಹಾದಿಗೇ ತನ್ನಿ. ಅಂಗಳಕ್ಕೆ ಇಳಿಯುವ ಕೊನೆಯ ತಿರುವಿನಲ್ಲಿ ಹೊಟ್ಟೆ ತಾಗುತ್ತದೆಯೇ, ಮನೆಯವರೆಲ್ಲ ಕೂತಾಗ ಅದೇ ಏರು ಮೊದಲ ಗೇರಿನಲ್ಲಿ ಹತ್ತುತ್ತದೆಯೇ ನೋಡಿ.

ಮುಂಗಡ ಕೊಡುವಾಗ ಚೀಟಿ ಬರೆಸಿಕೊಳ್ಳಿ. ಗಾಡಿ ಕೈಗೆ ಬಂದ ದಿನಾಂಕದ ಜತೆ ಗಂಟೆಯನ್ನೂ ಬರೆಸಿ, ಆ ಹೊತ್ತಿನ ಮೊದಲಿನ ದಂಡ, ಅಪಘಾತ ಅವರದು, ಆಮೇಲಿನದು ನಿಮ್ಮದು. ಒಂದಿಷ್ಟು ದುಡ್ಡನ್ನು ಬಾಕಿ ಇಟ್ಟು, ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಕೊಡುವ ಕರಾರು ಮಾಡಿಕೊಳ್ಳಿ. ಪರಿಚಯದವರ ಹತ್ತಿರ ಹೀಗೆ ಕೇಳಲು ಸಂಕೋಚ ಆಗುತ್ತದೆ. ಈ ಬಾಕಿ ಇದ್ದರೆ ಸಹಿಗೆ, ಕಚೇರಿಗೆ ಅವರೇ ಮುಂದಾಗಿ ಬರುತ್ತಾರೆ, ಅವರ ಹೆಸರೂ ಗಾಡಿಯಿಂದ ಬೇಗ ಬಿಡುಗಡೆಯಾಗುತ್ತದೆ ಎಂದು ಬಿಡಿಸಿ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗಾಡಿ ಮನೆಗೆ ಬಂದ ಮೇಲೆ ಅಡಿಕೆ ಚೀಲ, ಹುಲ್ಲು ತುಂಬಿದ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಬೇಡಿ. ಇಲಿ ವಯರು ಕಡಿಯುವುದು ಅಲ್ಲೇ. ಗಾಳಿಯಾಡುವ ಮಾಡಿನಡಿ ನಿಲ್ಲಿಸಿ, ವಾರಕ್ಕೊಮ್ಮೆಯಾದರೂ ಐದಾರು ಕಿಲೋಮೀಟರ್ ಓಡಿಸಿ. ಮಳೆ ಬಿಟ್ಟ ಕೂಡಲೇ ಪೈಪು ಹಿಡಿದು ಅಡಿಭಾಗದ ಕೆಮ್ಮಣ್ಣನ್ನೆಲ್ಲ ತೊಳೆದು, ಬಾಗಿಲ ಕೆಳಗಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ದಸರೆಯ ಪೂಜೆಗೆ ಮುಂಚೆಯೇ ಒಂದು ದಿನ ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಣಗಿಸಿ.